ಹದಿನಾಲ್ಕನೆಯ ಪಾಕೀಟು

ದೇವಿಕೊಪ್ಪದ ಗಿರಣಿ ಮಡಿವಾಳೆಪ್ಪನ ಗ್ರಹಚಾರ ಕೆಟ್ಟಿದ್ದು ಹದಿನೈದು ಪೈಸೆಯ ಒಂದು ಕಾರ್ಡಿನಿಂದ.

ಕಾರ್ಡು ಬಂದದ್ದು ಹುಬ್ಬಳ್ಳಿಯ ಒಂದು ಮಾಸಪತ್ರಿಕೆಯ ಸಂಪಾದಕರಿಂದ. ತಂದವನು ಪೋಸ್ಟಮನ್ ಹನಮಪ್ಪ. ಅವನು ತನ್ನ ರೂಢಿಯಂತೆ ಗಿರಣಿ ಮುಟ್ಟುವ ಮೊದಲೇ ಊರ ಅಗಸಿಬಾಗಿಲಲ್ಲಿ ಒಂದು ಸಲ, ಕಾಸೀಮಸಾಬನ ಚಹಾದಂಗಡಿಯಲ್ಲಿ ಒಂದು ಸಲ ಅದನ್ನು ಗಟ್ಟಿಯಾಗಿ ಓದಿ ಮುಗಿಸಿದ್ದ. ಮುಚ್ಚಿದ ಪಾಕೀಟಾದರೆ ಹನಮಪ್ಪ ಕಣ್ಣೆತ್ತಿಯೂ ನೋಡುವವನಲ್ಲ, ಅಷ್ಟು ನಿಯತ್ತಿನ ಮನುಷ್ಯ. ಕಾರ್ಡು ಮಾತ್ರ ಇಡೀ ಊರಿನದು ಎಂಬುದು ಅವನ ತಿಳಿವಳಿಕೆ. ಹೀಗಾಗಿ ಮಡಿವಾಳೆಪ್ಪ ತನ್ನ ಕಾರ್ಡನ್ನು ಓದುವ ಹೊತ್ತಿಗೆ ಊರೆಲ್ಲ ಅವನಿಗೆ ಸಮಾಧಾನ ಹೇಳಲು ತಯಾರಾಗಿ ನಿಂತಿತ್ತು.

“ನಿಮ್ಮ ಹದಿಮೂರನೆಯ ಕತೆಯನ್ನೂ ಹಿಂದಿರುಗಿಸುತ್ತಿದ್ದೇವೆ,” ಎಂದು ಬರೆದಿದ್ದರು ಸಂಪಾದಕರು. “ನಿಮ್ಮ ಕತೆಗಳೆಲ್ಲ ಯಾವುದೋ ನಕ್ಷತ್ರದಾಚೆ ನಡೆಯುತ್ತವೆ. ಅಲ್ಲಿಗೆ ನೀವೂ ಹೋಗಿಲ್ಲ, ನಾವೂ ಹೋಗಿಲ್ಲ. ವಿಜ್ಞಾನ ಕತೆಯೂ ಹುಟ್ಟುವುದು ದಿನನಿತ್ಯದ ಬದುಕಿನಿಂದಲೇ. ನಿಮ್ಮೂರನ್ನು ಕಣ್ಣು ತೆರೆದು ನೋಡಿ ಬರೆಯಿರಿ. ಯುಗಾದಿ ವಿಶೇಷಾಂಕದ ಸ್ಪರ್ಧೆಗೆ ಬರುವ ತಿಂಗಳ ಹತ್ತರೊಳಗೆ ಕತೆ ಕಳಿಸಬಹುದು. ವಿಶೇಷ ಸೂಚನೆ: ಪಾಕೀಟಿನೊಳಗೆ ಹಿಟ್ಟು ಬೀಳದಂತೆ ನೋಡಿಕೊಳ್ಳಿ.”

ಹಿಟ್ಟಿನ ಮಾತು ಸುಳ್ಳಲ್ಲ. ಮಡಿವಾಳೆಪ್ಪ ಬರೆಯುತ್ತಿದ್ದುದೇ ಗಿರಣಿಯಲ್ಲಿ ಕೂತು, ಹಳೆಯ ಕ್ಯಾಲೆಂಡರಿನ ಹಾಳೆಗಳ ಬೆನ್ನ ಮೇಲೆ, ಸೋರುವ ಮಸಿಪೆನ್ನಿನಿಂದ. ಮಸಿ ಹೀರುವ ಕಾಗದ ದೇವಿಕೊಪ್ಪದಲ್ಲಿ ಎಲ್ಲಿ ಸಿಗಬೇಕು? ಒಂದು ಹಾಳೆ ತುಂಬಿತೆಂದರೆ ಬಾಜೂಕಿದ್ದ ಡಬ್ಬಿಗೆ ಕೈ ಹಾಕಿ ಒಂದು ಚಿಟಿಕೆ ಹಿಟ್ಟು ಉದುರಿಸುವುದು, ಉಫ್ ಎಂದು ಊದುವುದು, ಮಡಚಿಡುವುದು. ಪಾಕೀಟು ಅಂಟಿಸುವುದಕ್ಕೂ ಅದೇ ಹಿಟ್ಟನ್ನು ಬಿಸಿನೀರಲ್ಲಿ ಕಲಸಿದ ಅಂಟು. ಹನ್ನೊಂದು ವರ್ಷದ ಕೈರೂಢಿ ಅದು.

ಹೆಂಡತಿ ಮಹಾದೇವಕ್ಕ ಈ ಸಲ ಸೊಂಟಕ್ಕೆ ಕೈ ಇಟ್ಟುಕೊಂಡು ನಿಂತಳು.

“ಹದಿಮೂರು ಸಲ ಆ ಹನಮಪ್ಪ ಹೊತ್ಕೊಂಡು ಹ್ವಾದಾ, ಹದಿಮೂರು ಸಲ ಹೊತ್ಕೊಂಡು ಬಂದಾ. ಅವನ ಕಾಲರ ನೋಡ್ರಿ ಪಾಪ! ಮನ್ಯಾಗ ಇರೂದ ಒಂದ ಟ್ರಂಕು. ಅದರ ತುಂಬ ನಿಮ್ಮ ಕತಿ. ನನ್ನ ಅರಿವಿ ಹಗ್ಗದ ಮ್ಯಾಲ ಜೋತಾಡ್ತಾವ. ಈ ಸಲ ಕತಿ ಅಚ್ಚಾಗ್ಲಿಲ್ಲಂದ್ರ ಟ್ರಂಕು ಖಾಲಿ ಮಾಡಿ ನಂಗ ಕೊಡ್ರಿ.”

ಮಡಿವಾಳೆಪ್ಪನಿಗೆ ರೋಷ ಬಂತು. ಬೀಸುವ ಕಲ್ಲಿನ ಮೇಲೆ ಕೈಯಿಟ್ಟೇಬಿಟ್ಟ. “ಈ ಕಲ್ಲಿನಾಣಿ! ಈ ಸಲ ಅಚ್ಚಾಗ್ಲಿಲ್ಲಂದ್ರ ಟ್ರಂಕು ನಿಂದು, ಪೆನ್ನು ಬಾವೀದು!”

ಆಣೆಯೇನೋ ಇಟ್ಟ. ಆದರೆ ಇಟ್ಟ ಮೇಲೆ ಪೆನ್ನನ್ನು ಕಿಸೆಯಿಂದ ತೆಗೆದು, ಒರೆಸಿ, ಮತ್ತೆ ಒಳಗಿಟ್ಟ. ಹಗಲೆಲ್ಲ ಊರಿನ ಜೋಳ ಬೀಸಿ, ಸಂಜೆ ಮೂಟೆಗಳ ನಡುವೆ ಕೂತು ಒಂದು ನಕ್ಷತ್ರಕ್ಕೆ ಹೋಗಿಬರುವ ಸುಖ ಹನ್ನೊಂದು ವರ್ಷದಿಂದ ಅವನಿಗಿತ್ತು. ಅದು ಹೋದರೆ ತನ್ನಲ್ಲಿ ಏನು ಉಳಿಯುತ್ತದೆ ಎಂದು ಯೋಚಿಸಿದರೆ ಹಿಟ್ಟಿನ ಹೊರತು ಏನೂ ಕಾಣಲಿಲ್ಲ.

ಸರಿ, ಮಡಿವಾಳೆಪ್ಪ ಕಣ್ಣು ತೆರೆದ.

ತೆರೆದದ್ದೇ ತಡ, ಏನು ಕಂಡಿತು ಅಂತೀರಿ! ಇಷ್ಟು ವರ್ಷ ಅವನು ಗಿರಣಿಯ ತಗಡಿನ ತೂತಿನಿಂದ ಮುಗಿಲು ನೋಡುತ್ತಿದ್ದ. ಈಗ ತಗಡಿನ ಕೆಳಗೆ ನೋಡಿದ. ಕಪ್ಪಗೆ ಒಳಗೆ ಬಂದ ಹೆಣ್ಣುಮಕ್ಕಳು ಹುಬ್ಬು, ರೆಪ್ಪೆ, ಕೂದಲು ಎಲ್ಲ ಬೆಳ್ಳಗಾಗಿ ಹೊರಗೆ ಹೋಗುತ್ತಿದ್ದರು. ಮಷೀನಿನ ಸದ್ದಿಗೆ ಮಾತು ಕೇಳಿಸದೆ ಬರೀ ಕೈಬಾಯಿ ಸನ್ನೆಯಲ್ಲೇ ಸೊಸೆಯರ ಚಾಡಿ ಹೇಳಿ ಮುಗಿಸುತ್ತಿದ್ದರು. “ಎಪ್ಪಾ! ಇವರ ಅಲ್ಲೇನು ಬ್ಯಾರೆ ಗ್ರಹದ ಮಂದಿ! ಇಷ್ಟ ದಿವಸ ನಾ ಎಲ್ಲಿ ನೋಡಾಕತ್ತಿದ್ನಿ!” ಎಂದು ಅವನು ಒಬ್ಬನೇ ಕುಣಿದಾಡಿಬಿಟ್ಟ. ಎಂಟೇ ದಿನದಲ್ಲಿ ಇಪ್ಪತ್ತೆರಡು ಹಾಳೆ ಬರೆದ. ಬಿಳಿ ಧೂಳಿನ ಗ್ರಹದವರು ದೇವಿಕೊಪ್ಪದ ಗಿರಣಿಯ ಹಿಂದೆ ಇಳಿಯುತ್ತಾರೆ. ಮೈಯೆಲ್ಲ ಬೆಳ್ಳಗಿರುವುದರಿಂದ ಯಾರಿಗೂ ಅನುಮಾನ ಬರುವುದಿಲ್ಲ, ಜೋಳ ಬೀಸಲು ಬಂದವರೆಂದು ತಿಳಿಯುತ್ತಾರೆ. ಅವರು ಸಾಲಿನಲ್ಲಿ ನಿಂತು, ಮೆಲ್ಲಗೆ ಗಿರಣಿ ಹಿಡಿದು, ಬಾವಿ ಹಿಡಿದು, ಕಡೆಗೆ ಪಂಚಾಯತಿಯನ್ನೂ ಹಿಡಿಯುತ್ತಾರೆ.

ಅಲ್ಲಿಯವರೆಗೆ ಕತೆ ಎತ್ತಿನ ಬಂಡಿ ಇಳಿಜಾರಿನಲ್ಲಿ ಹೋದಂತೆ ಹೋಯಿತು. ಆಮೇಲೆ ನಿಂತಿತು. ಇಳಿದವರನ್ನು ವಾಪಸು ಕಳಿಸುವುದು ಹೇಗೆ? ನಾಲ್ಕು ದಿನ ತಲೆ ಕೆರೆದುಕೊಂಡರೂ ಹೊಳೆಯಲಿಲ್ಲ. ಅಷ್ಟರಲ್ಲಿ ಎಂಟನೇ ತಾರೀಕು ಬಂತು. ಅವತ್ತು ಸಂಜೆ ನಾಲ್ಕರ ಹುಬ್ಬಳ್ಳಿ ಬಸ್ಸಿನ ಟಪಾಲು ಚೀಲಕ್ಕೆ ಪಾಕೀಟು ಬಿದ್ದರೆ ಸರಿ, ಇಲ್ಲವಾದರೆ ಹತ್ತರೊಳಗೆ ಮುಟ್ಟುವುದಿಲ್ಲ.

ಅವತ್ತೇ ಬೆಳಿಗ್ಗೆಯಿಂದ ಕರೆಂಟಿಲ್ಲ. ಗಿರಣಿಯಲ್ಲಿ ಡಬ್ಬಿ, ಬುಟ್ಟಿಗಳ ಸಾಲು ಬಾಗಿಲವರೆಗೆ ಬೆಳೆದಿತ್ತು. ಸಾಲಿನ ತಲೆಯಲ್ಲಿ ಇಬ್ಬರು. ಒಬ್ಬಳು ಎದುರು ಮನೆಯ ಸಾವಕ್ಕ, ಜೋಳದ ಡಬ್ಬಿ ಅಪ್ಪಿಕೊಂಡು. ಇನ್ನೊಬ್ಬಳು ಕುರಿ ಮೈಲಾರವ್ವ, ವರ್ಷಕ್ಕಾಗುವಷ್ಟು ಒಣಮೆಣಸಿನಕಾಯಿ ಬುಟ್ಟಿ ಮುಂದಿಟ್ಟುಕೊಂಡು. ಎಪ್ಪತ್ತು ದಾಟಿದ್ದರೂ ಮೈಲಾರವ್ವ ಮಾತಾಡಿದರೆ ಮೂರು ಓಣಿಯ ಕುರಿಗಳು ತಲೆ ಎತ್ತುತ್ತಿದ್ದವು.

“ಯಣ್ಣಾ, ಹನ್ನೆರಡಕ್ಕ ಕುಂದಗೋಳದಿಂದ ಬೀಗರು ಬರಾವ್ರದಾರ, ನಮ್ಮ ಕೆಂಚವ್ವನ್ನ ನೋಡಾಕ,” ಎಂದಳು ಸಾವಕ್ಕ. “ಬಿಸಿ ರೊಟ್ಟಿ ಹಾಕಬೇಕು. ಮನ್ಯಾಗ ಚಿಟಗಿ ಹಿಟ್ಟಿಲ್ಲ. ಕರೆಂಟು ಬಂದ ಕೂಡ್ಲೆ ನಂದ ಮೊದಲ.”

“ಹೆಂಗ ಅದು? ಕೋಳಿ ಕೂಗಾಕ ಬಂದು ಕುಂತೀನಿ ನಾ. ನಂದ ಮೊದಲ,” ಎಂದಳು ಮೈಲಾರವ್ವ.

ಗಿರಣಿಯಲ್ಲಿ ಮಷೀನು ಎರಡು. ಬಾಗಿಲ ಬಳಿಯದು ಕಾಳಿಗೆ, ಮೂಲೆಯದು ಖಾರಕ್ಕೆ. ಇಬ್ಬರದೂ ಒಟ್ಟಿಗೆ ಆಗುತ್ತದೆ ಎಂದು ಸಮಾಧಾನ ಹೇಳಿ ಮಡಿವಾಳೆಪ್ಪ ಮತ್ತೆ ಹಾಳೆಗಳ ಮೇಲೆ ಬಗ್ಗಿದ.

“ಏನ ಬರಿಯಾಕತ್ತೀಲೇ ಮುಂಜಾನಿಂದ?” ಎಂದು ಕೇಳಿದಳು ಮೈಲಾರವ್ವ.

“ಮುಗಲಿಂದ ಮಂದಿ ಇಳದಾರ ಆಯಿ. ವಾಪಸ್ ಕಳಸೂದು ಹೆಂಗ ಅಂತ ತಿಳೀವಲ್ದು.”

“ಇಳದಾವ್ರಿಗೆ ಚಾ ಕೊಟ್ಟೇನು?”

“ಅವರು ವೈರಿಗಳು ಆಯಿ!”

“ವೈರಿ ಆದ್ರೇನಾತು, ಊರಿಗೆ ಬಂದಾವ್ರಲ್ಲ. ಚಾ ಕೊಡು, ಆಮ್ಯಾಲ ಬಡಿ.”

ಚಹಾದ ಮಾತು ಕೇಳಿದ್ದೇ ಕಾಸೀಮಸಾಬ ತನ್ನ ಅಂಗಡಿಯಿಂದ ಎದ್ದು ಬಂದ. “ಚಾ ಕೊಡ್ತೀರಿ ಅಂದ್ರ ನನ್ನ ಅಂಗಡಿ ಹೆಸರು ಬರಬೇಕ ನೋಡ್ರಿ ಮತ್ತ. ಅವರಿಗೆ ಖಾಸ್ ಚಾ, ಯಾಲಕ್ಕಿ ಹಾಕಿದ್ದು.”

“ಆ ಸ್ಕೈಲ್ಯಾಬು ಮುಗಲಿಂದ ತಲಿ ಮ್ಯಾಲ ಬೀಳ್ತೈತಿ, ಎಲ್ಲಾರೂ ಸಾಯ್ತೀವಿ ಅಂತ ಆವತ್ತ ಇದ್ದಬದ್ದ ಕೋಳಿ ಎಲ್ಲಾ ಕೊಯ್ಕೊಂಡು ತಿಂದ್ವಿ,” ಎಂದು ಮೈಲಾರವ್ವ ಹಳೆಯ ಸಿಟ್ಟು ತೆಗೆದಳು. “ಸ್ಕೈಲ್ಯಾಬು ಬರ್ಲಿಲ್ಲ. ಕೋಳೀನೂ ತಿರುಗಿ ಬರ್ಲಿಲ್ಲ. ನಿನ್ನ ಮಂದೀನೂ ಅಂಥಾದ್ದ ಏನೋ ಮಾಡ್ತಾರ ನೋಡು.”

ಸಾವಕ್ಕ ಮಾತ್ರ ತಣ್ಣಗೆ ಹೇಳಿದಳು. “ಅವರಿಗೆ ಕನ್ಯಾ ತೋರಸ್ರಿ. ಕನ್ಯಾ ನೋಡಿ ಹ್ವಾದಾವ್ರು ಮತ್ತ ಈ ಕಡೆ ಮುಖಾ ಹಾಕೂದಿಲ್ಲ. ನಂಗ ಮೂರು ಸಲ ಆಗೇತಿ.”

ನಕ್ಕವರು ಅರ್ಧಕ್ಕೇ ನಿಲ್ಲಿಸಿದರು. ಸಾವಕ್ಕನ ಕಣ್ಣಲ್ಲಿ ನೀರಿತ್ತು. “ಈ ಸಲ ಏನೂ ಕೆಡಬಾರ್ದು ಯಣ್ಣಾ. ಹುಡುಗ ಸಾಲಿ ಮಾಸ್ತರ,” ಎಂದಳು.

ಹನ್ನೊಂದಕ್ಕೆ ಕರೆಂಟು ಬಂತು. ಅದರೊಡನೆ ಗದ್ದಲವೂ ಬಂತು. ಎಲ್ಲರೂ ಒಮ್ಮೆಲೇ ಎದ್ದರು, ಡಬ್ಬಿಗಳು ಒಂದರ ಮೇಲೊಂದು ಬಿದ್ದವು. ಕಾಸೀಮಸಾಬ ಯಾರೂ ಕೇಳದಿದ್ದರೂ ನಡುವೆ ನಿಂತು ಹುಕುಂ ಕೊಡತೊಡಗಿದ. ಮೈಲಾರವ್ವ ಯಾರಿಗೂ ಕಾಯದೆ ತನ್ನ ಮೆಣಸಿನಕಾಯಿಯನ್ನು ತಾನೇ ಮೂಲೆಯ ಮಷೀನಿಗೆ ಸುರಿದಳು. ಖಾರ ಕುಟ್ಟಿ ಮುಗಿಯುವಷ್ಟರಲ್ಲಿ ಎಲ್ಲರೂ ಸೆರಗು, ಟವೆಲ್ಲು ಮೂಗಿಗೆ ಒತ್ತಿಕೊಂಡಿದ್ದರು.

ಆಗ ಆಯಿತು ನೋಡಿ. ಮೈಲಾರವ್ವ ಖಾರದ ಬುಟ್ಟಿ ಹೊತ್ತು ತಿರುಗಿ ನಿಂತಳು. ತಗಡಿನ ತೂತಿನಿಂದ ಬಿದ್ದ ಬಿಸಿಲಿನ ಕೋಲು ನೇರ ಅವಳ ಮುಖದ ಮೇಲೆ. ಮುಖದ ತುಂಬ ಸೆರಗು, ಅದರ ನಡುವೆ ಎರಡೇ ಕೆಂಪು ಕಣ್ಣು, ಸುತ್ತ ತೇಲುವ ಬಿಳಿ ಧೂಳು. ಮಡಿವಾಳೆಪ್ಪನ ಮೈಮೇಲೆ ಮುಳ್ಳೆದ್ದವು. “ಇವಳ! ಇವಳ ಆ ಗ್ರಹದ ರಾಣಿ!” ಎಂದು ಬಲಗೈ ಪೆನ್ನು ಹಿಡಿಯಿತು. ಎಡಗೈ ಮಾತ್ರ, ಒಡೆಯ ಎಲ್ಲಿದ್ದಾನೆಂಬುದು ಗೊತ್ತಿಲ್ಲದೆ, ಸಾವಕ್ಕನ ಜೋಳದ ಡಬ್ಬಿ ಎತ್ತಿ ಹತ್ತಿರವಿದ್ದ ಮಷೀನಿಗೆ ಸುರಿಯಿತು. ಹತ್ತಿರವಿದ್ದದ್ದು ಮೂಲೆಯ ಮಷೀನು. ಅದರ ಹೊಟ್ಟೆಯಲ್ಲಿ ಇನ್ನೂ ಒಂದೆರಡು ಬೊಗಸೆ ಖಾರ ಉಳಿದಿತ್ತು.

ಹಿಟ್ಟು ತಿಳಿಗೆಂಪಾಗಿ ಇಳಿಯಿತು. ಮಡಿವಾಳೆಪ್ಪ ಅದನ್ನು ನೋಡಲಿಲ್ಲ ಅಂತಲ್ಲ. ನೋಡಿದ, ಮೆಚ್ಚಿದ, “ಮಂಗಳ ಗ್ರಹದ ಮಣ್ಣಿನ ಬಣ್ಣ” ಎಂದು ಬರೆದುಕೊಂಡ. ಸಾವಕ್ಕ ಅವಸರದಲ್ಲಿ ಡಬ್ಬಿಯ ಬಾಯಿ ಬಿಗಿದುಕೊಂಡು ಓಡಿದಳು.

ಹನ್ನೆರಡಕ್ಕೆ ಸರಿಯಾಗಿ ಬೀಗರು ಬಂದರು. ಹುಡುಗ, ಅಪ್ಪ, ಅವ್ವ, ಒಬ್ಬ ಸೋದರಮಾವ. ಗಿರಣಿಯ ಬಾಗಿಲಿನಿಂದ ಸಾವಕ್ಕನ ಪಡಸಾಲೆ ಕೈಗೆ ಸಿಗುವಷ್ಟು ಹತ್ತಿರ. ಮಡಿವಾಳೆಪ್ಪ ಹಾಳೆ ಹಿಡಿದು ಹೊಸ್ತಿಲ ಮೇಲೆ ಕೂತ. ಕಣ್ಣು ತೆರೆದು ನೋಡಬೇಕೆಂದು ಸಂಪಾದಕರ ಅಪ್ಪಣೆಯಾಗಿತ್ತಲ್ಲ. ಓಣಿಯ ಉಳಿದವರಿಗೆ ಯಾವ ಸಂಪಾದಕರೂ ಬರೆದಿರಲಿಲ್ಲ, ಆದರೂ ಸಾವಕ್ಕನ ಮುಂಬಾಗಿಲು ನೋಡುವವರಿಂದ ಕಿಕ್ಕಿರಿದು ಹೋಗಿತ್ತು.

ಒಳಗೆ ಕೆಂಚವ್ವ ರೊಟ್ಟಿ ಬಡಿಯತೊಡಗಿದಳು. ಕತ್ತಲ ಅಡುಗೆಮನೆ. ಒಲೆಯ ಬೆಳಕಿನಲ್ಲಿ ಎಲ್ಲ ಹಿಟ್ಟೂ ಕೆಂಪಗೇ ಕಾಣುತ್ತದೆ. ಪಟಪಟ ಎಂದು ನಾಲ್ಕು ಬಡಿತ ಕೇಳಿತು. ಆಮೇಲೆ ಒಂದು ಸೀನು. ಮತ್ತೆ ಎರಡು ಬಡಿತ, ಮೂರು ಸೀನು. ಪಡಸಾಲೆಯಲ್ಲಿ ಸೋದರಮಾವ, “ಹುಡುಗಿಗೆ ಥಂಡಿ ಆಗೇತೇನ್ರಿ?” ಎಂದು ಕೇಳುತ್ತಿದ್ದಂತೆ ಮೊದಲ ರೊಟ್ಟಿ ಕಾದ ಹಂಚಿಗೆ ಬಿತ್ತು.

ಹಂಚಿಗೆ ಖಾರ ಬಿದ್ದರೆ ಏಳುವ ಘಾಟು ಎಂಥದೆಂದು ನಿಮಗೆ ಬೇರೆ ಹೇಳಬೇಕೆ? ಅಡುಗೆಮನೆಯಿಂದ ಅದು ಪಡಸಾಲೆಗೆ ಬಂತು. ಸೋದರಮಾವ ಉತ್ತರಕ್ಕೆ ಕಾಯದೆ ಎದ್ದ. ಹುಡುಗನ ಅಪ್ಪ ಕೆಮ್ಮುತ್ತ ರುಮಾಲು ಬಿಚ್ಚಿ ಮೂಗು ಮುಚ್ಚಿಕೊಂಡ. ಅವ್ವ, “ಯವ್ವಾ, ನನ್ನ ಕಣ್ಣು!” ಎಂದಳು. ಎಲ್ಲರೂ ಮುಂಬಾಗಿಲಿಗೆ ನುಗ್ಗಿದರೆ ಅಲ್ಲಿ ಇಡೀ ಓಣಿ ನಿಂತು ಸೀನುತ್ತಿತ್ತು. ಮತ್ತೇನು ಮಾಡುತ್ತಾರೆ? ನಾಲ್ಕು ಜನ ಬೀಗರೂ ಹಿಂಬಾಗಿಲು ಹುಡುಕಿ ಹಿತ್ತಲಿಗೆ ಹಾರಿ, ತಿಪ್ಪೆ ದಾಟಿ, ಬೇಲಿ ಸಂದಿಯಿಂದ ಓಟ ಕಿತ್ತರು.

 ಓಣಿಯ ಸೀನುಗಳ ನಡುವೆ ಒಂದು ಸ್ವರ ಮೇಲೆದ್ದಿತು.

“ಸಿಕ್ತು! ಸಿಕ್ತಲೇ! ಅಗದಿ ಸಿಕ್ತು!”

ಮಡಿವಾಳೆಪ್ಪ ಗಿರಣಿಯ ಮುಂದೆ ಎರಡೂ ಕೈ ಎತ್ತಿ ಕುಣಿಯುತ್ತಿದ್ದ. ಕಣ್ಣಿಂದ ಧಾರಾಕಾರ ನೀರು, ಮುಖದ ತುಂಬ ನಗು. ಬಿಳಿ ಗ್ರಹದವರನ್ನು ಓಡಿಸುವ ದಾರಿ ಅವನ ಕಣ್ಣೆದುರೇ ಹಿತ್ತಲಿನಿಂದ ಓಡಿಹೋಗಿತ್ತು! ಹನ್ನೊಂದು ವರ್ಷದಲ್ಲಿ ಅವನಿಗೆ ಇಂಥ ಆನಂದ ಆಗಿರಲಿಲ್ಲ. ಸಾವಕ್ಕ ಹೊರಗೆ ಬಂದಳು, ಅವನ ಕುಣಿತ ನೋಡಿದಳು, ಒಳಗೆ ಹೋಗಿ ಹಿಟ್ಟಿನ ಡಬ್ಬಿ ಬಿಚ್ಚಿ ಬಿಸಿಲಿಗೆ ಹಿಡಿದಳು. ಆಮೇಲೆ ಅವಳ ಬಾಯಿಂದ ಬಂದ ಮಾತನ್ನು ಅಚ್ಚು ಹಾಕಲು ಬರುವುದಿಲ್ಲ.

ಮಡಿವಾಳೆಪ್ಪ ಹಾಳೆಗಳನ್ನು ಎದೆಗವುಚಿಕೊಂಡು ಓಡಿದ. ಓಡುತ್ತಲೇ ಎರಡು ವಾಕ್ಯ ಮನಸ್ಸಿನಲ್ಲಿ ಕಟ್ಟಿದ. ಮನೆಯತ್ತ ತಿರುಗಿದರೆ ಬಾಗಿಲಲ್ಲಿ ಮಹಾದೇವಕ್ಕ ಲಟ್ಟಣಿಗೆ ಹಿಡಿದು ನಿಂತಿದ್ದಳು, ಸುದ್ದಿ ಆಗಲೇ ಮುಟ್ಟಿತ್ತು. ಗುಡಿಯ ಕಟ್ಟೆಗೆ ಹೋದರೆ ಮೈಲಾರವ್ವ, “ನನ್ನ ಖಾರದಾಗ ಜ್ವಾಳ ಕೂಡಿಸೀ ಏನಲೇ?” ಎಂದು ಎದ್ದಳು. ಊರ ಹೊರಗಿನ ಹುಣಸೆ ಮರದ ಕೆಳಗೆ ಒಂದು ಹಾಳೆ ಬರೆದ. ಅಲ್ಲಿಗೂ ಜನ ಬಂದರು. ಕಡೆಗೆ ಕಾಸೀಮಸಾಬನ ಅಂಗಡಿಯ ಹಿಂದಿನ ಕೋಣೆಯಲ್ಲಿ ಸಕ್ಕರೆ ಚೀಲದ ಮರೆಗೆ ಹೊಕ್ಕ. ಕಾಸೀಮಸಾಬ ಒಂದೇ ಷರತ್ತು ಹಾಕಿದ: “ಯಾಲಕ್ಕಿ ಚಾ ಬರಬೇಕು.” ಮಡಿವಾಳೆಪ್ಪ ಬಿಳಿ ಗ್ರಹದ ನಾಯಕನಿಗೆ ಒಂದು ಕಪ್ ಯಾಲಕ್ಕಿ ಚಹಾ ಕುಡಿಸಿ ಮುಂದೆ ಹೋದ.

ಪೆನ್ನು ಓಡಿತು. ಹೊತ್ತು ಮೂರೂವರೆ ಆದದ್ದು ತಿಳಿಯಲಿಲ್ಲ. ಕಡೆಯ ಹಾಳೆಯ ಕಡೆಯ ಸಾಲು ಬರೆಯುತ್ತಿರುವಾಗ ಸಾವಕ್ಕ ಪತ್ತೆ ಮಾಡಿ ಒಳನುಗ್ಗಿದಳು, ಡಬ್ಬಿಯನ್ನು ಅವನ ಮುಂದೆ ಧಡ್ ಎಂದು ಕುಕ್ಕಿದಳು.

“ನೋಡು! ನಿನ್ನ ಕಣ್ಣಿಂದ ನೋಡು! ಇದು ಹಿಟ್ಟೇನು? ನನ್ನ ಮಗಳ ನಸೀಬಕ್ಕ ಖಾರಾ ಹಚ್ಚಿದೆಲ್ಲೋ! ನಾಕನೇ ಸಲ! ಇನ್ನ ಯಾರು ಬರ್ತಾರ ಆಕೀನ ನೋಡಾಕ?”

“ಹೌದು ಸಾವಕ್ಕಾ... ತಪ್ಪಾತು ಸಾವಕ್ಕಾ... ಇದೊಂದ ಸಾಲು,” ಎನ್ನುತ್ತ ಮಡಿವಾಳೆಪ್ಪ ಪೂರ್ಣವಿರಾಮ ಇಟ್ಟ. ಹಾಳೆಯ ಮೇಲೆ ಮಸಿ ಹಸಿಹಸಿಯಾಗಿ ಹೊಳೆಯುತ್ತಿತ್ತು. ಅವಳು ಬೈಯುತ್ತಿದ್ದಂತೆಯೇ ಅವನ ಕೈ, ಹನ್ನೊಂದು ವರ್ಷದ ರೂಢಿಯಂತೆ, ಬಾಜೂಕಿನ ಡಬ್ಬಿಗೆ ಹೋಗಿ, ಚಿಟಿಕೆ ತೆಗೆದು, ಅವತ್ತು ಬರೆದ ಆರೂ ಹಾಳೆಗಳ ಮೇಲೆ ಉದುರಿಸಿತು. ಒಂದು ಬೊಗಸೆ ತೆಗೆದು ಕಾಸೀಮಸಾಬನ ಬಿಸಿನೀರಲ್ಲಿ ಕಲಸಿ ಪಾಕೀಟನ್ನೂ ಅಂಟಿಸಿತು. ಊದಲು ಪುರಸೊತ್ತಿರಲಿಲ್ಲ, ಬಸ್ಸಿನ ಹಾರ್ನ್ ಕೇಳುತ್ತಿತ್ತು. ಸಾವಕ್ಕ ಇಂಥ ನಿರ್ಲಜ್ಜ ಮನುಷ್ಯನನ್ನು ಹಿಂದೆ ಎಂದೂ ಕಂಡಿರಲಿಲ್ಲ, ಡಬ್ಬಿ ಎತ್ತಿಕೊಂಡು ಅವನ ಬೆನ್ನು ಹತ್ತಿದಳು.

ಬಸ್ಸು ಹೊರಡಲು ತಯಾರಾಗಿತ್ತು. ಹನಮಪ್ಪ ಟಪಾಲು ಚೀಲದ ಬಾಯಿ ಬಿಗಿದು ಕಂಡಕ್ಟರನ ಕೈಗೆ ಕೊಡುತ್ತಿದ್ದ.

“ತಡೀ ಹನಮಪ್ಪಾ! ನಿನ್ನ ಕಾಲಿಗೆ ಬೀಳ್ತೀನಿ, ತಡಿ!”

“ಬಿಗಿದಾತು. ಇನ್ನ ಬಿಚ್ಚಂಗಿಲ್ಲ, ಕಾಯ್ದೆ ಐತಿ,” ಎಂದ ಹನಮಪ್ಪ. ಆಮೇಲೆ ದನಿ ತಗ್ಗಿಸಿದ. “ಕತಿ ಕಡೀಕ ಏನ ಮಾಡಿದಿ? ಪಾಕೀಟು ನಾ ಓದಾಂವಲ್ಲ. ಬಾಯಿಲೆ ಹೇಳು. ಹೇಳಿದ್ರ ಬಿಚ್ತೀನಿ.”

ಮಡಿವಾಳೆಪ್ಪ ಏದುಸಿರು ಬಿಡುತ್ತ ಹೇಳಿದ. ಊರವರು ಸೋತೆವೆಂದು ಒಪ್ಪಿಕೊಂಡು ಬಿಳಿ ಗ್ರಹದ ನಾಯಕನಿಗೆ ಒಂದು ಪಾಕೀಟು ಕಾಣಿಕೆ ಕಳಿಸುತ್ತಾರೆ. ನಾಯಕ ತನ್ನ ಉಕ್ಕಿನ ವಾಹನದೊಳಗೆ ಕೂತು ಠೀವಿಯಿಂದ ಪಾಕೀಟು ಬಿಚ್ಚುತ್ತಾನೆ. ಒಳಗಿಂದ ಕೆಂಪು ಧೂಳು ಏಳುತ್ತದೆ. ನಾಯಕ ಸೀನುತ್ತಾನೆ, ಮಂತ್ರಿ ಸೀನುತ್ತಾನೆ, ಸೈನ್ಯವೆಲ್ಲ ಸೀನುತ್ತದೆ. ಕಡೆಗೆ ಎಲ್ಲರೂ ವಾಹನದ ಹಿಂಬಾಗಿಲಿನಿಂದ ಹಾರಿ ಓಡಿಹೋಗುತ್ತಾರೆ, ಮತ್ತೆ ಭೂಮಿಯ ಹೆಸರೆತ್ತುವುದಿಲ್ಲ.

ಡ್ರೈವರ್ ಇಂಜಿನ್ ಬಂದ್ ಮಾಡಿ ಕೇಳುತ್ತಿದ್ದ. ಬಸ್ಸಿನ ಕಿಟಕಿಗಳಿಂದ ನಗೆ ಎದ್ದಿತು. ಹಿಂದಿನ ಸೀಟಿನಿಂದ ಎಲ್ಲರಿಗಿಂತ ಜೋರಾಗಿ ನಗುತ್ತಿದ್ದವನು ಕಣ್ಣು ಕೆಂಪಗಿದ್ದ ಒಬ್ಬ ತರುಣ. ಅವನು ಕುಂದಗೋಳದ ಮಾಸ್ತರ, ಸಾವಕ್ಕನ ಮನೆಗೆ ಬಂದ ವರ!

“ಎಪ್ಪಾ, ನಮ್ಮನ್ನ ಕತಿಯಾಗ ಹಾಕ್ಯಾರ,” ಎಂದ ಅವನು ಅಪ್ಪನಿಗೆ. ಆಮೇಲೆ ಕಿಟಕಿಯಿಂದ ಬಗ್ಗಿ, ಬೆನ್ನಟ್ಟಿ ಬಂದಿದ್ದ ಸಾವಕ್ಕನನ್ನು ನೋಡಿ ಸಂಕೋಚದಿಂದ ಹೇಳಿದ. “ಅತ್ಯಾರ, ನಾ ಬೇಲಿ ಸಂದ್ಯಾಗ ನುಸುಳುವಾಗ ನಿಮ್ಮ ಮಗಳು ಹಿತ್ತಲದಾಗ ಒಂದು ತಂಬಗಿ ನೀರು ಕೊಟ್ಲು. ತಾನ ಸೀನಕೋಂತ ನಂಗ ಮೊದಲ ಕೊಟ್ಲು. ನಂಗ ಒಪ್ಪಿಗಿ ಐತ್ರಿ.”

ಸಾವಕ್ಕ ಡಬ್ಬಿ ಕೆಳಗಿಟ್ಟು ಗಳಗಳ ಅತ್ತಳು. ಹನಮಪ್ಪ ಚೀಲ ಬಿಚ್ಚಿ ಪಾಕೀಟು ಹಾಕಿದ, ಹಾಕುವಾಗ ಎರಡು ಸಲ ಸೀನಿದ. “ಊರಾಗಿನ ಘಾಟು ಇನ್ನೂ ಹೋಗವಲ್ದು,” ಎಂದು ಮೂಗು ಒರೆಸಿಕೊಂಡ. ಬಸ್ಸು ಹೊರಟಿತು. ಹುಡುಗಿಗೆ ವರ ಸಿಕ್ಕ, ಕತೆಗೆ ಕೊನೆ ಸಿಕ್ಕಿತು, ಊರಿಗೆ ನಗೆ ಸಿಕ್ಕಿತು. ಮಹಾದೇವಕ್ಕನೂ ಲಟ್ಟಣಿಗೆ ಗೂಟಕ್ಕೆ ಹಾಕಿ ಗಂಡನಿಗೆ ಬಿಸಿಬಿಸಿ ಊಟ ಬಡಿಸಿದಳು. ಮಡಿವಾಳೆಪ್ಪ ಅವತ್ತು ಯಾವ ನಕ್ಷತ್ರಕ್ಕೂ ಹೋಗದೆ ನೆಲದ ಮೇಲೆಯೇ ತೇಲಾಡಿದ.

ಯುಗಾದಿಗೆ ಎರಡು ದಿನವಿರುವಾಗ ಹನಮಪ್ಪ ದೂರದಿಂದಲೇ ಕೂಗುತ್ತ ಬಂದ. “ಬಂತಲೇ! ವಿಶೇಷಾಂಕ ಬಂತು! ಪುಗಸಟ್ಟೆ ಪ್ರತಿ ಕಳಿಸ್ಯಾರ ಅಂದ್ರ ಅಚ್ಚಾದಂಗ!”

ಗಿರಣಿ ಬಂದಾಯಿತು. ಮಡಿವಾಳೆಪ್ಪ ಸುತ್ತಿದ ಕಾಗದ ಹರಿದ. ಮೊದಲ ಪುಟದಲ್ಲೇ ಇತ್ತು ಕತೆ, ‘ಕೆಂಪು ಧೂಳು’. ಅವನು ಇಟ್ಟ ಹೆಸರಲ್ಲ, ಇರಲಿ. ಓದುತ್ತ ಹೋದ. ಯಾವುದೋ ಗ್ರಹದ ಕೋಟೆಯಲ್ಲಿ ಮೂವರು ಅಧಿಕಾರಿಗಳು ಕೂತಿರುತ್ತಾರೆ. ಅಪರಿಚಿತ ಹಳ್ಳಿಯೊಂದರಿಂದ ಒಂದು ಪಾಕೀಟು ಬರುತ್ತದೆ. ಬಿಚ್ಚುತ್ತಾರೆ. ಕೆಂಪು ಧೂಳು ಏಳುತ್ತದೆ. ಮೂವರೂ ಸೀನುತ್ತ ಹಿಂಬಾಗಿಲಿನಿಂದ ಓಡುತ್ತಾರೆ.

“ನನ್ನ ಕತಿ! ನನ್ನದ!” ಎಂದು ಕೂಗಿದವನ ಕಣ್ಣು ಕೊನೆಗೆ ಬರೆದವರ ಹೆಸರಿನ ಮೇಲೆ ಹೋಯಿತು. ಅಲ್ಲಿದ್ದದ್ದು ಸಂಪಾದಕರ ಹೆಸರು.

ಗಿರಣಿ ಕುದಿಯಿತು. “ಕಳವು!” ಎಂದ ಹನಮಪ್ಪ. “ಬಸ್ಸಿನ ಮುಂದ ನೀ ಹೇಳಿದ್ದ ಇದು, ನಾ ಸಾಕ್ಷಿ!” “ನಡೀರಿ, ಹುಬ್ಬಳ್ಳಿಗೆ ಹೋಗೂಣು!” ಎಂದಳು ಸಾವಕ್ಕ, ಮದುವೆಯ ಕೆಲಸ ಬಿಟ್ಟು. ಮೈಲಾರವ್ವ ಕೋಲು ತರಲು ಎದ್ದಳು. ಕಾಸೀಮಸಾಬ ಮಾತ್ರ, “ಚಾ ಎಲ್ಲೈತ್ರಿ ಇದರಾಗ?” ಎಂದು ಪುಟ ತಿರುವುತ್ತಿದ್ದ. ತಿರುವುವಾಗ ಒಳಗಿಂದ ಒಂದು ಕಾರ್ಡು ಕೆಳಗೆ ಬಿತ್ತು.

ಕಾರ್ಡೆಂದ ಮೇಲೆ ಓದುವವನು ಹನಮಪ್ಪನೇ. ಗಂಟಲು ಸರಿಮಾಡಿಕೊಂಡು ಗಟ್ಟಿಯಾಗಿ ಓದಿದ.

“ಮಾನ್ಯರೆ, ತಮ್ಮ ಪಾಕೀಟನ್ನು ನಾನೇ ಬಿಚ್ಚಿದೆ. ಬಿಚ್ಚಿದೊಡನೆ ನಾನು, ಉಪಸಂಪಾದಕರು, ಕರಡು ತಿದ್ದುವವರು ಮೂವರೂ ಸೀನುತ್ತ ಕಚೇರಿಯ ಹಿಂಬಾಗಿಲಿನಿಂದ ಓಡಬೇಕಾಯಿತು. ಎರಡು ದಿನ ಕಚೇರಿ ತೆರೆಯಲಿಲ್ಲ. ತಮ್ಮ ಕತೆಯ ಒಂದಕ್ಷರವನ್ನೂ ಓದಲಾಗದೆ ಇಕ್ಕಳದಿಂದ ಹಿಡಿದು ಒಲೆಗೆ ಹಾಕಿದೆವು. ಅದರ ಘಾಟಿಗೆ ಬಾಜೂಕಿನ ಅಂಗಡಿಯವರೂ ಓಡಿದರು. ಆದರೆ ಈ ಅನುಭವದಿಂದ ನನಗೊಂದು ವಿಜ್ಞಾನ ಕತೆ ಹೊಳೆಯಿತು. ಓದಿ ನೋಡಿ. ದಿನನಿತ್ಯದ ಬದುಕನ್ನು ಕಣ್ಣು ತೆರೆದು ನೋಡಿದರೆ ಕತೆ ಹೇಗೆ ಹುಟ್ಟುತ್ತದೆ ಎಂಬುದಕ್ಕೆ ಅದು ತಮಗೆ ಮಾದರಿಯಾಗಲಿ.”

ಕೋಲು ತರಲು ಎದ್ದಿದ್ದ ಮೈಲಾರವ್ವ ಮತ್ತೆ ಕೂತಳು. ಓದದೆ ಇದ್ದವನನ್ನು ಕಳ್ಳ ಎನ್ನುವುದು ಹೇಗೆ? ಮಡಿವಾಳೆಪ್ಪನ ಹತ್ತಿರ ಇನ್ನೊಂದು ಪ್ರತಿಯೂ ಇರಲಿಲ್ಲ. ಅವನ ಕೈ ತಾನಾಗಿ ಬೀಸುವ ಕಲ್ಲಿನ ಮೇಲೆ ಹೋಗಿ, ಸುಟ್ಟಂತೆ ಹಿಂದೆ ಬಂತು.

“ಅಂದ್ರ ನನ್ನ ಖಾರ ಹುಬ್ಬಳ್ಳಿ ತನಕ ಹೋಗಿ ಮೂರು ಮಂದೀನ ಓಡಿಸ್ತು,” ಎಂದಳು ಮೈಲಾರವ್ವ ಹೆಮ್ಮೆಯಿಂದ.

ಮಹಾದೇವಕ್ಕ ಗಂಡನ ಮುಖ ನೋಡಿದಳು. “ಅಚ್ಚಾತೋ ಇಲ್ಲೋ?”

“ಆಗೇತಿ. ಪೂರಾ ಆಗೇತಿ,” ಎಂದ ಅವನು ಕ್ಷೀಣವಾಗಿ.

“ಹೆಸರು?”

ಅವನು ಪುಟ ತಿರುವಿದ. ಎಲ್ಲೂ ಇಲ್ಲ. ಕಡೆಯ ಪುಟದ ಕೆಳಗೆ, ಸಣ್ಣ ಅಕ್ಷರದ ‘ಲೇಖಕರಿಗೆ ಸೂಚನೆ’ಯಲ್ಲಿ ಸಿಕ್ಕಿತು: “ಕತೆಯೊಡನೆ ಹಿಟ್ಟು, ಖಾರ ಮುಂತಾದವನ್ನು ಕಳಿಸಬಾರದು. ದೇವಿಕೊಪ್ಪದ ಶ್ರೀ ಮಡಿವಾಳೆಪ್ಪನವರು ಇದನ್ನು ವಿಶೇಷವಾಗಿ ಗಮನಿಸಬೇಕು.”

ಮಹಾದೇವಕ್ಕ ಅಕ್ಷರ ಕೂಡಿಸಿ ಕೂಡಿಸಿ ಓದಿದಳು. ಹೆಸರಿನ ಮೇಲೆ ಒಮ್ಮೆ ಬೆರಳಾಡಿಸಿದಳು. “ಶ್ರೀ ಅಂತ ಹಾಕ್ಯಾರ,” ಎಂದಳು.

ಅಲ್ಲಿಂದ ಗಿರಣಿಯಲ್ಲಿ ಜಗಳ ಎದ್ದಿತು. ಕತೆ ಅಚ್ಚಾಗಿದೆ, ಆದರೆ ಹೆಸರಿಲ್ಲ. ಹೆಸರು ಅಚ್ಚಾಗಿದೆ, ಆದರೆ ಕತೆಯಿಲ್ಲ. ಹಾಗಾದರೆ ಕಲ್ಲಿನ ಆಣೆ ಗೆದ್ದಿತೋ ಸೋತಿತೋ? ಅರ್ಧ ಓಣಿ ಪೆನ್ನು ಬಾವಿಗೆ ಎಂದಿತು, ಅರ್ಧ ಓಣಿ ಕೂಡದು ಎಂದಿತು. ಕಡೆಗೆ ಮಹಾದೇವಕ್ಕನೇ ಕೈಯೆತ್ತಿ ತೀರ್ಪು ಕೊಟ್ಟಳು.

“ಪೆನ್ನು ಇರ್ಲಿ. ಟ್ರಂಕು ಅರ್ಧಾ ಖಾಲಿ ಮಾಡ್ರಿ.”

ಮಡಿವಾಳೆಪ್ಪ ಮನೆಗೆ ಹೋಗಿ ಟ್ರಂಕಿನ ಮುಂದೆ ಕೂತ. ಒಳಗಿದ್ದ ಕತೆಗಳನ್ನು ಒಂದೊಂದಾಗಿ ತೆಗೆದು ನೆಲದ ಮೇಲೆ ಜೋಡಿಸಿದ. ಒಟ್ಟು ಹದಿಮೂರು. ಅರ್ಧ ಎಂದರೆ ಆರೂವರೆ.